ಮೆಸೆನ್ ಡಿಬಗ್ಗರ್: 2 ಕೆಬಿ ರ‍್ಯಾಮ್‌ನಲ್ಲಿ ಲಗೋರಿ ಆಡಿಸಲು ಹೋದವನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಇದು ಆಟ ಆಡುವವರಿಗೆ ಬರೆದ ವಿಮರ್ಶೆ ಅಲ್ಲ. ಮೆಸೆನ್ ಅಂದರೆ ಹಳೇ ವಿಡಿಯೋ ಗೇಮ್ ಮಷೀನುಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್. ಸುಮ್ನೆ ಆಡುವುದಕ್ಕೂ ಚೆನ್ನಾಗಿಯೇ ಇದೆ. ಆದರೆ ಒಂದೂವರೆ ವರ್ಷದಿಂದ ನಾನು ರಾತ್ರಿ ಊಟ ಆದ ಮೇಲೆ ಅದನ್ನು ತೆರೆಯುವುದು ಆಡಲಿಕ್ಕಲ್ಲ, ಅದರೊಳಗಿರುವ, ಪ್ರೋಗ್ರಾಮಿನ ತಪ್ಪು ಹುಡುಕಿಕೊಡುವ ಡಿಬಗ್ಗರ್‌ಗೋಸ್ಕರ.

ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಮಷೀನು ನೆನಪಿದೆ ಅಲ್ವಾ? ಹಳದಿ ಕ್ಯಾಸೆಟ್, ಅದರ ಮೇಲೆ 9999 ಆಟ ಅಂತ ಲೇಬಲ್, ಒಳಗೆ ನೋಡಿದರೆ ಅದೇ ಹತ್ತೋ ಹನ್ನೆರಡೋ ಆಟ ಬೇರೆ ಬೇರೆ ಹೆಸರಲ್ಲಿ. ಓಡದಿದ್ದರೆ ತೆಗೆದು ಊದಿ ಮತ್ತೆ ಹಾಕುವುದು. ಆ ನಕಲಿ ಮಷೀನುಗಳ ಮೂಲ ನಿಂಟೆಂಡೋದ ಫ್ಯಾಮಿಕಾಮ್. ಜಪಾನಿನಲ್ಲಿ 1983ರಲ್ಲಿ ಬಂತು, ಅಮೆರಿಕದಲ್ಲಿ 1985ರಲ್ಲಿ ಎನ್‌ಇಎಸ್ ಅನ್ನುವ ಹೆಸರಿನಲ್ಲಿ. ನಾನು ಬರೆಯುತ್ತಿರುವುದು ಅದಕ್ಕೊಂದು ಲಗೋರಿ ಆಟ. ಏಳು ಕಲ್ಲು, ಒಂದು ಚೆಂಡು, ಎರಡು ತಂಡ. ಇದನ್ನು ಈಗ ಯಾಕೆ ಮಾಡ್ತೀಯ ಅಂತ ಮನೆಯಲ್ಲಿ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇಲ್ಲ.

ಆ ಮಷೀನಿನ ಒಳಗೆ ಇರುವುದು ಬರೀ 2 ಕೆಬಿ ರ‍್ಯಾಮ್. ಪ್ರೊಸೆಸರ್ 6502 ಅನ್ನುವ ಹಳೇ ಚಿಪ್ಪಿನ ಜಾತಿಯದು, ವೇಗ ಸುಮಾರು 1.79 ಮೆಗಾಹರ್ಟ್ಸ್. ಪರದೆಯ ಮೇಲೆ ಒಟ್ಟು 64 ಸ್ಪ್ರೈಟ್ (ಹಿನ್ನೆಲೆಯ ಮೇಲೆ ಓಡಾಡುವ ಸಣ್ಣ ಚಿತ್ರ), ಒಂದು ಗೆರೆಯಲ್ಲಿ ಎಂಟಕ್ಕಿಂತ ಜಾಸ್ತಿ ಬಂದರೆ ಉಳಿದದ್ದು ಕಾಣುವುದಿಲ್ಲ. ತಪ್ಪಾದರೆ ಎರರ್ ಮೆಸೇಜ್ ಕೊಡಲು ಅಲ್ಲಿ ಯಾರೂ ಇಲ್ಲ. ಪರದೆ ಕದಲುತ್ತದೆ, ಇಲ್ಲವೇ ಕಪ್ಪಾಗುತ್ತದೆ, ಅಷ್ಟೆ. ಅದಕ್ಕಿಂತ ಕಷ್ಟ ಏನಂದರೆ ಇಲ್ಲಿ ಬಹುಪಾಲು ತಪ್ಪು ಆಗುವುದು ಏನು ಬರೆದೆ ಅನ್ನುವುದರಿಂದ ಅಲ್ಲ, ಯಾವಾಗ ಬರೆದೆ ಅನ್ನುವುದರಿಂದ. ಸರಿಯಾದ ಅಂಕಿ, ಸರಿಯಾದ ವಿಳಾಸ, ಆದರೆ ಕ್ಷಣ ತಪ್ಪಿರುತ್ತದೆ. ಮಾಮೂಲಿ ಡಿಬಗ್ಗರ್ ಈ "ಯಾವಾಗ" ತೋರಿಸುವುದಿಲ್ಲ. ಮೆಸೆನ್ ತೋರಿಸುತ್ತದೆ. ನಾನು ಇದನ್ನು ಬಿಟ್ಟು ಬೇರೆಯದಕ್ಕೆ ಹೋಗದಿರುವುದಕ್ಕೆ ಕಾರಣ ಇದೊಂದೇ.

ನಡೆದದ್ದನ್ನೇ ಹೇಳುತ್ತೇನೆ.

ಚೆಂಡು ತಗುಲಿ ಕಲ್ಲಿನ ರಾಶಿ ಬಿದ್ದ ಕೂಡಲೇ ನೆಲದ ನಾಲ್ಕು ಸಾಲು ಟೈಲುಗಳನ್ನು (ಹಿನ್ನೆಲೆ ಕಟ್ಟುವ ಸಣ್ಣ ಚಿತ್ರದ ತುಂಡು) ಬದಲಿಸಿ ಧೂಳೆದ್ದ ಹಾಗೆ ತೋರಿಸಬೇಕಿತ್ತು. ಒಂದು ಸಾಲಿಗೆ 32 ಟೈಲು, ನಾಲ್ಕು ಸಾಲಿಗೆ 128 ಬೈಟು. ಬರೆದೆ, ಓಡಿಸಿದೆ, ಧೂಳೂ ಎದ್ದಿತು. ಆದರೆ ಆ ಒಂದು ಕ್ಷಣ ಇಡೀ ಪರದೆ ಯಾರೋ ಟಿವಿಗೆ ಗುದ್ದಿದ ಹಾಗೆ ಹಾರಿ ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಒಂದೇ ಫ್ರೇಮು, ಅಂದರೆ ಪರದೆಯ ಒಂದೇ ಚಿತ್ರ. ಕಣ್ಣು ಮಿಟುಕಿಸಿದರೆ ಗೊತ್ತೇ ಆಗುವುದಿಲ್ಲ. ಗೆಳೆಯನಿಗೆ ತೋರಿಸಿದರೆ "ಎಫೆಕ್ಟ್ ಚೆನ್ನಾಗಿದೆ ಕಣೋ, ಹಾಗೇ ಇರಲಿ ಬಿಡು" ಅಂದ. ನನಗೆ ನಿದ್ದೆ ಬರಲಿಲ್ಲ.

ಎರಡು ರಾತ್ರಿ ಕೋಡನ್ನು ಸಾಲು ಸಾಲಾಗಿ ಓದಿದೆ. ಬ್ರೇಕ್‌ಪಾಯಿಂಟ್ ಹಾಕಿ, ಅಂದರೆ ಬೇಕಾದ ಸಾಲಿನಲ್ಲಿ ಕೋಡು ನಿಲ್ಲುವಂತೆ ಮಾಡಿ, ಒಂದೊಂದೇ ಹೆಜ್ಜೆ ನಡೆಸಿದೆ. ಎಲ್ಲಾ ಸರಿ ಇತ್ತು. ಮೂರನೇ ರಾತ್ರಿ ಈವೆಂಟ್ ವ್ಯೂವರ್ ತೆರೆದೆ.

ಈ ಈವೆಂಟ್ ವ್ಯೂವರ್ ಅಂದರೆ ಒಂದು ಇಡೀ ಫ್ರೇಮಿನ ನಕ್ಷೆ. ಹಿನ್ನೆಲೆಯಲ್ಲಿ ನಿಮ್ಮ ಆಟದ ಚಿತ್ರ, ಅದರ ಸುತ್ತ ಟಿವಿಯಲ್ಲಿ ಕಾಣದ ಭಾಗಗಳೂ ಸೇರಿದ ದೊಡ್ಡ ಚೌಕ. ಮೇಲಿಂದ ಕೆಳಕ್ಕೆ 262 ಗೆರೆ, ಒಂದೊಂದು ಗೆರೆಗೆ 341 ಚುಕ್ಕಿ ಜಾಗ. ನಿಮ್ಮ ಪ್ರೋಗ್ರಾಮು ಗ್ರಾಫಿಕ್ಸ್ ಚಿಪ್ಪನ್ನು ಮುಟ್ಟಿದಾಗೆಲ್ಲ, ಆಗ ಟಿವಿಯ ಕಿರಣ ಎಲ್ಲಿತ್ತೋ ಆ ಜಾಗದಲ್ಲಿ ಒಂದು ಬಣ್ಣದ ಚುಕ್ಕಿ ಬೀಳುತ್ತದೆ. ಚಿತ್ರ ಎಲ್ಲಿಂದ ಶುರುವಾಗಬೇಕು ಅಂತ ಹೇಳುವ ಸ್ಕ್ರಾಲ್ ವಿಳಾಸ $2005ಕ್ಕೆ ಒಂದು ಬಣ್ಣ, ವಿಡಿಯೋ ಮೆಮೊರಿಗೆ ಬರೆಯುವ $2007ಕ್ಕೆ ಇನ್ನೊಂದು. ಮೌಸ್ ತಂದು ಚುಕ್ಕಿಯ ಮೇಲಿಟ್ಟರೆ ಯಾವ ಗೆರೆ, ಎಷ್ಟನೇ ಸೈಕಲ್, ಕೋಡಿನ ಯಾವ ವಿಳಾಸದಿಂದ ಬಂತು, ಎಲ್ಲಾ ಹೇಳುತ್ತದೆ. ರೈಲು ಯಾವ ಸ್ಟೇಷನ್ನಿಗೆ ಎಷ್ಟು ಗಂಟೆಗೆ ಬಂತು ಅಂತ ಗೋಡೆಯ ಮೇಲೆ ಚಾರ್ಟ್ ಬರೆದ ಹಾಗೆ.

ನನ್ನ ಚಾರ್ಟಿನಲ್ಲಿ $2007ರ ಚುಕ್ಕಿಗಳು ಇರಬೇಕಾದದ್ದು ಚಿತ್ರದ ಕೆಳಗಿನ ಖಾಲಿ ಪಟ್ಟಿಯಲ್ಲಿ. ಅದೇ ವಿಬ್ಲ್ಯಾಂಕ್, ಚಿತ್ರ ಬಿಡಿಸಿ ಮುಗಿದು ಮುಂದಿನದು ಶುರುವಾಗುವ ಮೊದಲಿನ ಬಿಡುವು, 20 ಗೆರೆಯಷ್ಟು. ನನ್ನ ಚುಕ್ಕಿಗಳು ಆ ಪಟ್ಟಿಯನ್ನು ತುಂಬಿ, ಅಲ್ಲಿ ಜಾಗ ಸಾಲದೆ, ಮೇಲಿನಿಂದ ಮತ್ತೆ ಶುರುವಾಗಿ ಚಿತ್ರದ ಮೊದಲ ಗೆರೆಯ ಮೇಲೂ ಬಂದು ಕೂತಿದ್ದವು. ಬಸ್ಸು ತುಂಬಿ ಫುಟ್‌ಬೋರ್ಡಿನಲ್ಲಿ ನೇತಾಡುವ ಜನರ ಹಾಗೆ. ನೋಡಿದ ಎರಡು ಸೆಕೆಂಡಿಗೆ ಅರ್ಥ ಆಯಿತು. ಎರಡು ರಾತ್ರಿ ಹೋಗಿದ್ದು ನೆನೆದು ಹೊಟ್ಟೆ ಉರಿಯಿತು.

ಲೆಕ್ಕ ಹೀಗೆ. ಜಪಾನ್, ಅಮೆರಿಕದ ಟಿವಿಗೆ ಹೊಂದುವ ಎನ್‌ಟಿಎಸ್‌ಸಿ ಮಷೀನಿನಲ್ಲಿ ವಿಬ್ಲ್ಯಾಂಕ್ ಅಂದರೆ ಸುಮಾರು 2,273 ಸಿಪಿಯು ಸೈಕಲ್, ಅಂದರೆ ಪ್ರೊಸೆಸರಿನ ಬಡಿತ. ಸ್ಪ್ರೈಟುಗಳನ್ನು ಕಳಿಸುವ $4014 ಕೆಲಸಕ್ಕೇ 513 ಹೋಗುತ್ತದೆ. ಉಳಿಯುವುದು 1,760. ನನ್ನ ಸುತ್ತು (ಲೂಪ್) ಒಂದು ಬೈಟಿಗೆ 15 ಸೈಕಲ್ ತಿನ್ನುತ್ತಿತ್ತು: ಓದಲು 4, ಬರೆಯಲು 4, ಎಣಿಕೆಗೆ 2, ಹೋಲಿಕೆಗೆ 2, ಹಿಂದಕ್ಕೆ ಜಿಗಿಯಲು 3. 128 ಬೈಟಿಗೆ 1,920. ಅಂದರೆ 160 ಸೈಕಲ್ ಸಾಲ, ಒಂದೂವರೆ ಗೆರೆಯಷ್ಟು. ಈ ಚಿಪ್ಪಿನಲ್ಲಿ ಬರೆಯುವ ವಿಳಾಸವನ್ನೂ ಸ್ಕ್ರಾಲ್ ಜಾಗವನ್ನೂ ಇಟ್ಟುಕೊಳ್ಳುವುದು ಒಂದೇ ರಿಜಿಸ್ಟರಿನಲ್ಲಿ. ಹಾಗಾಗಿ ಚಿತ್ರ ಬಿಡಿಸುವ ಹೊತ್ತಿನಲ್ಲಿ $2007 ಮುಟ್ಟಿದರೆ ಸ್ಕ್ರಾಲ್ ಎಲ್ಲೆಲ್ಲಿಗೋ ಹೋಗುತ್ತದೆ. ಪರದೆ ಹಾರಿದ್ದು ಅದಕ್ಕೇ.

ಇದಕ್ಕೆ ಸ್ಟ್ಯಾಕ್ ಅನ್ನುವ ಮೆಮೊರಿಯ ಭಾಗದಿಂದ ಎಳೆದು ಬರೆಯುವ ಜಾಣ ಉಪಾಯಗಳಿವೆ, ಬೈಟಿಗೆ 8 ಸೈಕಲ್‌ನಲ್ಲಿ ಕೆಲಸ ಮುಗಿಯುತ್ತದೆ. ನಾನು ಸೋಮಾರಿ. ಈ ಫ್ರೇಮಿನಲ್ಲಿ ಎರಡು ಸಾಲು, ಮುಂದಿನದರಲ್ಲಿ ಎರಡು ಸಾಲು ಅಂತ ಹಂಚಿಬಿಟ್ಟೆ. ಧೂಳು ಒಂದು ಫ್ರೇಮು ತಡವಾಗಿ ಎದ್ದರೆ ಯಾರಿಗೆ ಗೊತ್ತಾಗುತ್ತೆ?

ಇದರಲ್ಲಿ ಇನ್ನೊಂದು ಮಜಾ ಇದೆ. ಸೆಟ್ಟಿಂಗ್ಸಿನಲ್ಲಿ ಮಷೀನಿನ ಪ್ರದೇಶ ಬದಲಿಸಬಹುದು: ಎನ್‌ಟಿಎಸ್‌ಸಿ, ಪಾಲ್, ಡೆಂಡಿ. ಮೊದಲು ಪಾಲ್‌ಗೆ ಹಾಕಿದಾಗ ತಪ್ಪು ಮಾಯ! ಯಾಕೆಂದರೆ ಯುರೋಪಿನ ಪಾಲ್ ಎನ್‌ಇಎಸ್‌ನಲ್ಲಿ ವಿಬ್ಲ್ಯಾಂಕ್ 70 ಗೆರೆ, 7,400 ಸೈಕಲ್‌ಗೂ ಮೇಲೆ. ಅಲ್ಲಿ ನನ್ನ ಬೇಜವಾಬ್ದಾರಿ ಕೋಡು ಆರಾಮಾಗಿ ಕಾಲು ಚಾಚಿ ಕೂರುತ್ತದೆ. ನಮ್ಮ ದೇಶದ ಟಿವಿಯೂ ಪಾಲ್ ತಾನೇ, ಇಷ್ಟು ಸಾಕು ಅಂದುಕೊಂಡೆ. ತಪ್ಪು. ಡೆಂಡಿ ಅನ್ನುವುದು ರಷ್ಯಾದಲ್ಲಿ ಮನೆಮಾತಾಗಿದ್ದ ನಕಲಿ ಫ್ಯಾಮಿಕಾಮ್. ಅದೂ 50 ಹರ್ಟ್ಸ್, ಅದಕ್ಕೂ 312 ಗೆರೆ, ಆದರೆ ಜಪಾನಿನ ಆಟಗಳು ಕೆಡದೆ ಓಡಲಿ ಅಂತ ಬಿಡುವನ್ನು ಮಾತ್ರ 20 ಗೆರೆಗೇ ಇಟ್ಟಿದ್ದಾರೆ. ಅಟ್ಟದಿಂದ ಇಳಿಸಿದ ನನ್ನ ಮಷೀನಿನಲ್ಲಿ ಓಡಿಸಿ ನೋಡಿದರೆ ಅದೂ ಡೆಂಡಿ ಹಾಗೆಯೇ ನಡೆದುಕೊಂಡಿತು, ಪರದೆ ಹಾರಿತು. ಆ ಮೂರನೇ ಆಯ್ಕೆಯನ್ನು ಮೆಸೆನ್ ಇಟ್ಟಿರದಿದ್ದರೆ ನಾನು ಪಾಲ್ ನೋಡಿ ಖುಷಿಯಾಗಿ ಮಲಗಿರುತ್ತಿದ್ದೆ.

ಹಳೇ ಮಷೀನಿನ ಮಾತು ಬಂತಲ್ಲ, ಎರಡನೇ ಕಥೆ ಅದರದ್ದೇ. ಫ್ಲ್ಯಾಶ್ ಕ್ಯಾಸೆಟ್ ಒಂದನ್ನು ಎರವಲು ತಂದು ಅದರಲ್ಲಿ ಆಟ ಹಾಕಿದೆ. ಶುರುವಾದ ಕೂಡಲೇ ಏಳು ಕಲ್ಲಿನ ಬದಲು ನಾಲ್ಕೇ ಕಲ್ಲು. ಆಫ್ ಮಾಡಿ ಆನ್ ಮಾಡಿದರೆ ಒಂದೂ ಇಲ್ಲ. ಮತ್ತೆ ಮಾಡಿದರೆ ಏಳು. ಎಮ್ಯುಲೇಟರಿನಲ್ಲಿ ಯಾವಾಗಲೂ ಏಳೇ. ಅನುಭವ ಇರುವವರಿಗೆ ಇಷ್ಟು ಹೇಳಿದರೆ ಸಾಕು, ರೋಗ ಗೊತ್ತಾಗಿರುತ್ತದೆ. ನನಗೆ ಆಗಿರಲಿಲ್ಲ.

ನಾನು ಪವರ್ ಆನ್ ಆದಾಗ ರ‍್ಯಾಮಿನಲ್ಲೆಲ್ಲ ಸೊನ್ನೆ ಇರಲಿ ಅಂತ ಸೆಟ್ ಮಾಡಿಕೊಂಡಿದ್ದೆ. ನಿಜವಾದ ರ‍್ಯಾಮ್ ಹಾಗಿರುವುದಿಲ್ಲ, ಏನು ಕಸ ಇರುತ್ತೋ ಅದೇ. ಮೆಸೆನ್‌ನಲ್ಲಿ ರ‍್ಯಾಮನ್ನು ಬೇಕಾಬಿಟ್ಟಿ ಅಂಕಿಗಳಿಂದ ತುಂಬಿಸಬಹುದು. ಜೊತೆಗೆ ಡಿಬಗ್ಗರ್‌ನಲ್ಲಿ ಇನ್ನೊಂದು ಟಿಕ್ ಇದೆ: ಯಾರೂ ಬರೆಯದ ಜಾಗವನ್ನು ಕೋಡು ಓದಿದ ತಕ್ಷಣ ಅಲ್ಲೇ ನಿಲ್ಲಿಸು. ಎರಡನ್ನೂ ಹಾಕಿ ಓಡಿಸಿದೆ. ಅರ್ಧ ಸೆಕೆಂಡೂ ಆಗಲಿಲ್ಲ, ನಿಂತಿತು. ಹಳದಿ ಗೆರೆ ಕೂತಿದ್ದದ್ದು "ಬಿದ್ದಕಲ್ಲು" ಅಂತ ನಾನೇ ಹೆಸರಿಟ್ಟ ಜಾಗವನ್ನು ಓದುವ ಸಾಲಿನ ಮೇಲೆ, ವಿಳಾಸ $0704. ಶುರುವಿನಲ್ಲಿ ರ‍್ಯಾಮ್ ಒರೆಸುವ ನನ್ನ ಸುತ್ತಿನಲ್ಲಿ $0600ರ ಪುಟದವರೆಗೆ ಸಾಲುಗಳಿದ್ದವು. $0700ರದ್ದು ಟೈಪ್ ಮಾಡುವುದನ್ನೇ ಮರೆತಿದ್ದೆ. ಒಂದು ಸಾಲು, ಎಸ್‌ಟಿಎ $0700,ಎಕ್ಸ್, ಅಷ್ಟೇ. ಅಂದಿನಿಂದ ಆ ಎರಡು ಟಿಕ್ ತೆಗೆದಿಲ್ಲ. ನೀವೂ ತೆಗೆಯಬೇಡಿ.

ಇದೇ ಜಾತಿಯ ಒಂದು ಬಲೆಯ ಬಗ್ಗೆ ಹೇಳಿಬಿಡಬೇಕು. ಸ್ಪ್ರೈಟ್ ಮಿತಿ ತೆಗೆಯುವ ಒಂದು ಆಯ್ಕೆ ಇದೆ, ಆಡುವವರಿಗೆ ಮಿಣುಕು ಕಾಣದಿರಲಿ ಅಂತ. ಆಟ ಬರೆಯುವವರು ಅದನ್ನು ಅಪ್ಪಿತಪ್ಪಿಯೂ ಹಾಕಿಟ್ಟುಕೊಳ್ಳಬಾರದು. ನಿಮ್ಮ ಹತ್ತು ಆಟಗಾರರೂ ಒಂದೇ ಗೆರೆಯಲ್ಲಿ ಜುಮ್ಮಂತ ನಿಂತಿರುತ್ತಾರೆ, ನಿಜವಾದ ಮಷೀನಿಗೆ ಹಾಕಿದಾಗ ಅರ್ಧ ತಂಡ ಮಂಗಮಾಯ.

ದಿನನಿತ್ಯದ ಬಳಕೆಗೆ ಬರುತ್ತೇನೆ. ಕೀಗಳು ಕಂಪನಿ ಕೆಲಸದಲ್ಲಿ ಬೆರಳಿಗೆ ರೂಢಿಯಾದವೇ: ಎಫ್5 ಮುಂದುವರಿ, ಎಫ್9 ಬ್ರೇಕ್‌ಪಾಯಿಂಟ್, ಎಫ್10 ಮತ್ತು ಎಫ್11 ಹೆಜ್ಜೆ. ಹೊಸದಾಗಿ ಕಲಿಯುವುದೇನಿಲ್ಲ. ಸಿಎ65 ಅಸೆಂಬ್ಲರಿನಲ್ಲಿ (ಬರೆದ ಕೋಡನ್ನು ಮಷೀನಿನ ಭಾಷೆಗೆ ತರುವ ಸಾಧನ) ಬರೆಯುವವರು ಡಿಬಗ್ ಮಾಹಿತಿ ಸೇರಿಸಿ ಬಿಲ್ಡ್ ಮಾಡಿ, ಎಲ್‌ಡಿ65 ಅನ್ನುವ ಅದರ ಜೊತೆಗಾರ ಸಾಧನದಿಂದ ಬರುವ ಡಿಬಿಜಿ ಫೈಲನ್ನು ಆಟದ ರಾಮ್ (ROM) ಫೈಲಿನ ಪಕ್ಕದಲ್ಲಿ ಅದೇ ಹೆಸರಿನಲ್ಲಿ ಇಟ್ಟರೆ ಸಾಕು, ನೀವಿಟ್ಟ ಹೆಸರುಗಳು, ಅಂದರೆ ಲೇಬಲ್‌ಗಳೆಲ್ಲ ಬಂದುಬಿಡುತ್ತವೆ, ಮೂಲ ಕೋಡಿನಲ್ಲೇ ನಡೆಯಬಹುದು. ಲೇಬಲ್ ಇಲ್ಲದೆ ಬರೀ ಹೆಕ್ಸ್ ಅಂಕಿ ನೋಡಿಕೊಂಡು ಡಿಬಗ್ ಮಾಡುವುದು ಬೋರ್ಡಿಲ್ಲದ ಬಸ್ಸು ಹತ್ತಿದ ಹಾಗೆ, ಹೋಗುತ್ತದೆ, ಎಲ್ಲಿಗೆ ಅಂತ ಕೇಳಬೇಡಿ.

ಹಿಂದಕ್ಕೆ ಒಂದು ಹೆಜ್ಜೆ ಇಡುವ ಸೌಲಭ್ಯವೂ ಇದೆ. ಆಫೀಸಿನಲ್ಲಿ ಬಳಸುವ ಡಿಬಗ್ಗರ್‌ಗಳಲ್ಲಿ ಇದು ಸಿಗದೆ ಎಷ್ಟು ಸಲ ತಲೆ ಚಚ್ಚಿಕೊಂಡಿಲ್ಲ ನಾವು. ಬೇಕಾದ ಜಾಗ ದಾಟಿ ಹೋಯಿತಾ, ಹಿಂದಕ್ಕೆ ಬಾ ಅಂದರೆ ಬರುತ್ತದೆ. ಮೆಮೊರಿ ವ್ಯೂವರ್‌ನಲ್ಲಿ ಓದಿದ ಜಾಗ ನೀಲಿ, ಬರೆದದ್ದು ಕೆಂಪು, ಕೋಡಾಗಿ ಓಡಿದ್ದು ಹಸಿರು ಬಣ್ಣದಲ್ಲಿ ಮಿನುಗಿ ನಿಧಾನಕ್ಕೆ ಮಾಸುತ್ತದೆ. ಕೆಲಸ ಇಲ್ಲದಿದ್ದಾಗಲೂ ಸುಮ್ನೆ ನೋಡುತ್ತಾ ಕೂರಬಹುದು, ದೀಪಾವಳಿಯ ಸೀರಿಯಲ್ ಸೆಟ್ ಇದ್ದಂತೆ. ಬ್ರೇಕ್‌ಪಾಯಿಂಟಿಗೆ ಷರತ್ತು ಹಾಕಬಹುದು, ವಿಡಿಯೋ ಮೆಮೊರಿಗೂ ಹಾಕಬಹುದು. ಲೂಆ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆದು ಪರದೆಯ ಮೇಲೆ ನಮಗೆ ಬೇಕಾದ್ದು ಗೀಚಬಹುದು. ಚೆಂಡಿನ ಸುತ್ತ ಮತ್ತು ಕಲ್ಲಿನ ಸುತ್ತ ಒಂದು ಚೌಕ ಎಳೆಯುವ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದೆ, ತಗುಲದಿದ್ದರೂ ತಗುಲಿತು ಅನ್ನುತ್ತಿದ್ದ ಜಗಳ ಒಂದೇ ಸಂಜೆಯಲ್ಲಿ ಮುಗಿಯಿತು.

ಇನ್ನು ಹಿಡಿಸದ್ದು. ಕಿಟಕಿಗಳು ವಿಪರೀತ. ಡಿಬಗ್ಗರ್ ಒಂದು, ಈವೆಂಟ್ ಒಂದು, ಟೈಲು ಒಂದು, ಸ್ಪ್ರೈಟ್ ಒಂದು, ಪ್ಯಾಲೆಟ್ ಒಂದು, ಟ್ರೇಸ್ ಒಂದು, ಎಲ್ಲಾ ಬೇರೆ ಬೇರೆ. 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಮದುವೆ ಮನೆಯ ಚಪ್ಪಲಿ ರಾಶಿ ಇದ್ದಂತೆ ಇರುತ್ತದೆ, ನಮ್ಮದು ಯಾವುದು ಅಂತ ಹುಡುಕಬೇಕು. ಎರಡನೇ ಮಾನಿಟರ್ ಇದ್ದರೆ ಮಾತ್ರ ಸುಖ. ಸೆಟ್ಟಿಂಗ್ಸ್ ಎಷ್ಟಿದೆ ಅಂದರೆ ಮೇಲೆ ಹೇಳಿದ ಟಿಕ್ ಎಲ್ಲಿದೆ ಅಂತ ಈಗಲೂ ನಾನು ಎರಡು ಕಡೆ ಹುಡುಕಿಯೇ ಹೋಗುವುದು. ಬರೆದಿಟ್ಟ ಸಹಾಯ ನನ್ನಂಥ ಹೊಸಬನಿಗೆ ಸಾಲದು, 6502 ಗೊತ್ತಿದೆ ಅಂದುಕೊಂಡೇ ಮಾತಾಡುತ್ತದೆ. ಮತ್ತೆ ಇದು ಹಗುರ ಅಲ್ಲ. ಡಾಟ್‌ನೆಟ್ ಅನ್ನುವ ಮೈಕ್ರೋಸಾಫ್ಟಿನ ತಂತ್ರಾಂಶ ಬೇಕು, ಹಳೇ ಲ್ಯಾಪ್‌ಟಾಪಿನಲ್ಲಿ ನಾಲ್ಕು ಕಿಟಕಿ ತೆರೆದರೆ ಫ್ಯಾನ್ ಗಿರಗಿರ ಅನ್ನುತ್ತದೆ. ಎಫ್‌ಸಿಇಯುಎಕ್ಸ್ ಅಂತ ಇನ್ನೊಂದು ಹಳೇ ಎಮ್ಯುಲೇಟರ್ ಇದೆ, ಹಗುರ, ಅದರಲ್ಲೂ ಒಳ್ಳೆ ಡಿಬಗ್ಗರ್ ಇದೆ, ಹೆಕ್ಸ್ ತಿದ್ದಬಹುದು, ಟೈಲು ನೋಡಬಹುದು. ಬೆಳಿಗ್ಗೆ ಹತ್ತು ನಿಮಿಷ ಸಿಕ್ಕಾಗ ನಾನು ಅದನ್ನೇ ತೆರೆಯುತ್ತೇನೆ. ಆದರೆ ಕ್ಷಣದ ಲೆಕ್ಕಾಚಾರದ ತಪ್ಪಿಗೆ ಅದು ಸಾಲುವುದಿಲ್ಲ. ಗೇಮ್‌ಬಾಯ್‌ಗೆ ಬರೆಯುವವರಾದರೆ ಬಿಜಿಬಿ ಅಂತ ಪುಟ್ಟದೊಂದಿದೆ, ಅದನ್ನೂ ನೋಡಿ, ಅಷ್ಟು ಚಿಕ್ಕ ಪ್ರೋಗ್ರಾಮಿನಲ್ಲಿ ಅಷ್ಟು ಕೆಲಸ ಬೇರೆಲ್ಲೂ ಕಂಡಿಲ್ಲ.

ಬೆಲೆ? ಸೊನ್ನೆ. ಮೂಲ ಕೋಡು ಜಿಪಿಎಲ್ ಪರವಾನಗಿಯಲ್ಲಿ ತೆರೆದಿದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಈಗಿನ ಮೆಸೆನ್ 2ರಲ್ಲಿ ಎನ್‌ಇಎಸ್ ಮಾತ್ರ ಅಲ್ಲ, ಸೂಪರ್ ನಿಂಟೆಂಡೋ, ಗೇಮ್‌ಬಾಯ್, ಗೇಮ್‌ಬಾಯ್ ಅಡ್ವಾನ್ಸ್, ಪಿಸಿ ಎಂಜಿನ್, ಮಾಸ್ಟರ್ ಸಿಸ್ಟಮ್, ವಂಡರ್‌ಸ್ವಾನ್ ಎಲ್ಲಾ ಇವೆ, ಎಲ್ಲಕ್ಕೂ ಡಿಬಗ್ಗರ್ ಇದೆ. ಗಿಟ್‌ಹಬ್‌ನ ಮೂಲ ಜಾಗದಿಂದಲೇ ಇಳಿಸಿಕೊಳ್ಳಿ. ಒಂದು ಕಾಲದಲ್ಲಿ ಇಂಥ ಸೌಕರ್ಯಕ್ಕೆ ಏನು ಪಾಡಿತ್ತು ಅಂತ ನೆನೆಸಿಕೊಂಡರೆ ನಗು ಬರುತ್ತದೆ. ಮೊದಲ ಪ್ಲೇಸ್ಟೇಷನ್‌ಗೆ ಆಟ ಬರೆಯುತ್ತಿದ್ದ ಕಂಪನಿಗಳು ಡಿಟಿಎಲ್-ಎಚ್2000 ಅನ್ನುವ ಕಾರ್ಡನ್ನು ಪಿಸಿಯೊಳಗೆ ಕೂರಿಸಿ ಸೈ-ಕ್ಯೂ ತಂತ್ರಾಂಶದಲ್ಲಿ ಡಿಬಗ್ ಮಾಡುತ್ತಿದ್ದವು. ಹವ್ಯಾಸಿಗಳಿಗೆ ಅಂತಲೇ ಸೋನಿ ನೆಟ್ ಯಾರೋಜೆ ಹೆಸರಿನ ಕಪ್ಪು ಪ್ಲೇಸ್ಟೇಷನ್ ಮಾರಿತು, ಅದರ ಬೆಲೆ ಮಾಮೂಲಿ ಮಷೀನಿಗಿಂತ ಎಷ್ಟೋ ಪಟ್ಟು ಜಾಸ್ತಿ. ನನಗೆ ಆಗ ಹದಿಮೂರು ವರ್ಷ, ಊದಿ ಊದಿ ಕ್ಯಾಸೆಟ್ ಹಾಕುತ್ತಿದ್ದೆ.

ಕೊನೆಯದಾಗಿ ಹೋದ ತಿಂಗಳಿನದು. ಕಲ್ಲು ಬೀಳುವ ಶಬ್ದಕ್ಕೆ ಕಪ್ಪೆಚಿಪ್ಪಿನಿಂದ ನೆಲಕ್ಕೆ ಬಡಿದು ರೆಕಾರ್ಡ್ ಮಾಡಿದ ಸಣ್ಣ ತುಣುಕು ಹಾಕಿದೆ, ರೆಕಾರ್ಡ್ ಮಾಡಿದ ಶಬ್ದ ನುಡಿಸುವ, ಮಷೀನಿನ ಡಿಎಂಸಿ ಚಾನೆಲ್ಲಿನಲ್ಲಿ. ಶಬ್ದ ಸೊಗಸಾಗಿ ಬಂತು. ಆದರೆ ಆ ಶಬ್ದ ಬರುವಷ್ಟು ಹೊತ್ತು, ಕೈಯಲ್ಲಿ ಬಟನ್ ಒತ್ತದಿದ್ದರೂ, ನನ್ನ ಆಟಗಾರ ಆಗಾಗ ಬಲಕ್ಕೆ ಒಂದು ಹೆಜ್ಜೆ ಇಡುತ್ತಿದ್ದ. ಎಡಕ್ಕಲ್ಲ, ಮೇಲಕ್ಕಲ್ಲ, ಯಾವಾಗಲೂ ಬಲಕ್ಕೇ. ದೆವ್ವ ಹೊಕ್ಕಿದೆ ಅಂದಳು ಮಗಳು.

ಈವೆಂಟ್ ವ್ಯೂವರ್‌ನಲ್ಲಿ ಡಿಎಂಸಿ ಓದುವ ಚುಕ್ಕಿಗಳನ್ನೂ ಕಂಟ್ರೋಲರ್ ಓದುವ $4016ರ ಚುಕ್ಕಿಗಳನ್ನೂ ಒಟ್ಟಿಗೆ ಹಾಕಿದೆ. ಹೆಜ್ಜೆ ಇಟ್ಟ ಫ್ರೇಮುಗಳಲ್ಲೆಲ್ಲ ಎರಡೂ ಒಂದರ ಮೇಲೊಂದು ಬಿದ್ದಿದ್ದವು. ಇದು ಆ ಚಿಪ್ಪಿನ ಹುಟ್ಟುಗುಣ. ಡಿಎಂಸಿ ಮಧ್ಯೆ ಬಂದು ಪ್ರೊಸೆಸರನ್ನು ತಡೆದಾಗ ಕಂಟ್ರೋಲರ್ ಒಂದು ಸಲ ಹೆಚ್ಚಿಗೆ ಓದಿದಂತಾಗಿ ಒಂದು ಬಟನ್ನಿನ ಲೆಕ್ಕ ತಪ್ಪುತ್ತದೆ. ಎಂಟು ಬಟನ್ನುಗಳು ಸಾಲಾಗಿ ಬರುತ್ತವೆ, ಕೊನೆಯದು ಬಲ. ಒಂದು ಬಿಟ್ಟುಹೋದರೆ ಎಲ್ಲವೂ ಮುಂದಕ್ಕೆ ಸರಿಯುತ್ತವೆ. ಬಲದ ಜಾಗಕ್ಕೆ ಬರುವುದು ಎಂಟು ಮುಗಿದ ಮೇಲೆ ಕಂಟ್ರೋಲರ್ ಸುಮ್ನೆ ಕೊಡುವ 1, ಅಂದರೆ ಒತ್ತಿದೆ ಅನ್ನುವ ಸಂಕೇತ. ಆಟ ಅದನ್ನು ಬಲ ಒತ್ತಿದ್ದಾರೆ ಅಂತ ತಿಳಿಯುತ್ತದೆ. ಹಾಗಾಗಿ ಕಂಟ್ರೋಲರನ್ನು ಎರಡೆರಡು ಸಲ ಓದಿ, ಎರಡೂ ಒಂದೇ ಬಂದರೆ ಮಾತ್ರ ನಂಬು, ಇಲ್ಲದಿದ್ದರೆ ಮತ್ತೆ ಓದು ಅಂತ ಬರೆದೆ. ಈಗ ಕಲ್ಲು ಬಿದ್ದಾಗ ಅವನು ಇದ್ದಲ್ಲೇ ಇರುತ್ತಾನೆ. ಮಗಳಿಗೆ ಮಾತ್ರ ಬೇಜಾರು, ದೆವ್ವ ಇದ್ದಾಗಲೇ ಚೆನ್ನಾಗಿತ್ತಂತೆ.